ಕಾರು ಕಂಪನಿಯ ಹಿತ್ತಲು

ನನ್ನ ಮಗ ರಿಟೈರಾದ ಮೇಷ್ಟ್ರು. ಗುಬ್ಬಿಯಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ರಿಟೈರಾದಾಗ ಬರುವ ದುಡ್ಡಿನಲ್ಲಿ ತುಮಕೂರಿನ ಶೆಟ್ಟಿಹಳ್ಳಿಯ ಸೈಟಿನಲ್ಲಿ ಮನೆ ಕಟ್ಟಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಅವಳು ಮದುವೆಯಾದಾಗಿನಿಂದ ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಿಕೊಂಡು ಬಾಳಿದವಳು. ನನಗೂ ಸೊಸೆಗೂ ಅಂಥ ಪ್ರೀತಿಯೇನಿಲ್ಲ. ಅವಳ ಸಾರಿಗೆ ಉಪ್ಪು ಸಾಲದು ಎಂದು ನನ್ನ ದೂರು, ನನ್ನ ನಾಲಿಗೆಗೆ ಖಾರ ಜಾಸ್ತಿ ಎಂದು ಅವಳದು. ಆದರೂ ದುಡ್ಡು ಕೈಗೆ ಬಂದ ಕೂಡಲೇ ಇವನು ಅಷ್ಟನ್ನೂ ಒಂದು ಕಾರು ಕಂಪನಿಯ ಶೇರಿಗೆ ಹಾಕಲು ಹೊರಟಾಗ ನಾನು ಅವಳ ಕಡೆಗೇ ನಿಂತೆ.

ಯಾವ ಕಂಪನಿ ಅಂತೀರಿ? ಇವನ ಕಾರನ್ನು ಮಾಡಿದ ಕಂಪನಿಯೇ. ಆ ಕಾರು ನಮ್ಮ ಮನೆಯ ಮುಂದೆ ನಿಂತದ್ದಕ್ಕಿಂತ ಕ್ಯಾತ್ಸಂದ್ರದ ಹತ್ತಿರ ಹೈವೇಯಲ್ಲಿರುವ ಸರ್ವೀಸ್ ಸೆಂಟರಿನಲ್ಲಿ ನಿಂತದ್ದೇ ಹೆಚ್ಚು. ಬಸುರಿ ತವರಿಗೆ ಹೋದ ಹಾಗೆ ಹೋಗಿ ಕೂತುಬಿಡುತ್ತಿತ್ತು. ಕಂಪನಿ ನಷ್ಟದಲ್ಲಿದೆ ಎಂದು ಟೀವಿಯವರೂ ಬಾಯಿ ಬಡಿದುಕೊಳ್ಳುತ್ತಿದ್ದರು. ಕಾರು ಕೊಂಡದ್ದು ಸಾಲದೆಂದು ಇವನು ಕಂಪನಿಯನ್ನೇ ಕೊಳ್ಳಲು ಹೊರಟಿದ್ದ.

"ಒಂದ್ ಶೇರು ಒಂದ್ ತೆಂಗಿನ್ಕಾಯ್ಗಿಂತ ಸೋವಿ ಆಗ್ಬುಟ್ಟೈತೆ ಕಣಮ್ಮ. ಈಗ ತಗೊಂಡೋನೇ ಜಾಣ" ಅಂದ.

"ತೆಂಗಿನ್ಕಾಯಿ ಒಡುದ್ರೆ ಚಟ್ನಿಯಾದ್ರೂ ಆಯ್ತದೆ. ಇದನ್ನ ಒಡುದ್ರೆ ಏನಾಯ್ತದ್ಲಾ?"

"ಎಲ್ಲಾರೂ ಹೆದ್ರುಕೊಂಡು ಮಾರ್ತಾವ್ರೆ, ಅದಕ್ಕೇ ರೇಟ್ ಬಿದ್ದಿರೋದು. ಮುಂದಿನ್ ವರ್ಷ ಕರೆಂಟ್ ಕಾರ್ ಬಿಡ್ತಾರಂತೆ. ಯಾರೋ ದೊಡ್ಡೋರು ಕಂಪ್ನಿನ ಕೊಂಡ್ಕೊಂತಾರಂತೆ."

"ಮುಂದಿನ್ ವರ್ಷ ಕೆಲ್ಸ ಸಿಕ್ತದೆ ಅನ್ನೋ ಗಂಡಿನ್ ತರ ಐತಲ್ಲೋ ಇದು. ಮನೆ ನೋಡ್ಕೊಂಡ್ ಬಂದ್ಯಾ?"

"ಯಾವ್ ಮನೆ?"

"ನಿನ್ ಕಂಪ್ನಿ ಮನೆ ಕಣ್ಲಾ."

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋಗುತ್ತೇವೆ. ಗಂಡಸರು ಪಡಸಾಲೆಯಲ್ಲಿ ಕೂತು ಉಪ್ಪಿಟ್ಟು ತಿಂದು, ಎಲ್ಲ ಚೆನ್ನಾಗಿದೆ ಎಂದು ತಲೆಯಾಡಿಸುತ್ತಾರೆ. ಹೆಂಗಸರು ಕಾಲು ತೊಳೆಯಬೇಕೆಂದು ನೆಪ ಹೇಳಿ ಹಿತ್ತಲಿಗೆ ಹೋಗುತ್ತೇವೆ. ನನ್ನ ಮಗಳಿಗೆ ಕುಣಿಗಲ್ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಪಡಸಾಲೆಯಲ್ಲಿ ಹೊಸ ಸೋಫಾ, ಹಿತ್ತಲಲ್ಲಿ ಸಾಲಾಗಿ ಸೀಮೆಹಸು. ಆದರೆ ಆ ಹಸುಗಳು ಹಗ್ಗ ಕಿತ್ತುಹೋಗುವ ಹಾಗೆ ಪಕ್ಕದ ಮನೆಯ ಕಡೆಗೇ ಎಳೆಯುತ್ತಿದ್ದವು, ಅಲ್ಲಿನ ಕೊಟ್ಟಿಗೆಯಿಂದ ಕರುಗಳು ಕೂಗುತ್ತಿದ್ದವು. ನಮಗೆ ತೋರಿಸಲೆಂದು ಎರವಲು ತಂದು ಕಟ್ಟಿದ್ದರು. ಕಾಫಿಗೂ ಕಾಯದೆ ಎದ್ದು ಬಂದೆವು.

ಕಾರು ಆಗ ರಿಪೇರಿಗೆ ಹೋಗಿ ಬಹಳ ದಿನವಾಗಿತ್ತು. ಏನಾಯಿತೆಂದು ಕೇಳಲು ಮಗ ಬಸ್ಸು ಹತ್ತಿದ. ನಾನೂ ಹತ್ತಿದೆ.

ಮುಂದುಗಡೆಯೆಲ್ಲ ಗಾಜು. ಒಳಗೆ ಎಸಿ, ಮಿಷನ್ನಿನ ಕಾಫಿ, ನಕ್ಕೂ ನಕ್ಕೂ ಕೆನ್ನೆ ನೋಯಿಸಿಕೊಂಡ ಒಬ್ಬ ಹುಡುಗಿ. ಮಗ ಸೋಫಾದಲ್ಲಿ ಬೀಗರ ಹಾಗೆ ಕೂತು, "ನೋಡ್ದಾ? ಮುಳುಗೋ ಕಂಪ್ನಿ ಹಿಂಗಿರ್ತದಾ?" ಅಂದ.

"ಮಗಾ, ಕಾಲ್ ತೊಳೀಬೇಕಿತ್ತು. ಹಿಂದ್ಗಡೆ ನಲ್ಲಿ ಐತಾ?" ಎಂದು ಹುಡುಗಿಯನ್ನು ಕೇಳಿದೆ.

"ವಾಶ್‌ರೂಮ್ ಇಲ್ಲೇ ಇದೆ ಅಜ್ಜಿ."

"ನಂಗೆ ನಲ್ಲಿನೇ ಆಗ್ಬೇಕು ಕಣವ್ವ."

ಹಿತ್ತಲಿನ ತುಂಬ ಕಾರುಗಳು. ಚಕ್ರ ಮುಚ್ಚುವಷ್ಟು ಹುಲ್ಲು ಬೆಳೆದಿತ್ತು. ಒಂದರ ಕನ್ನಡಿಗೆ ತೊಂಡೆಬಳ್ಳಿ ಹಬ್ಬಿ ಕಾಯಿ ಬಿಟ್ಟಿತ್ತು; ಒಂದು ಹಿಡಿ ಕಿತ್ತು ಸೆರಗಿಗೆ ಕಟ್ಟಿಕೊಂಡೆ. ಅದರ ಪಕ್ಕದಲ್ಲೇ ನಮ್ಮದು. ಮುಂದೆ ನಾನೇ ಕಟ್ಟಿದ್ದ ನಿಂಬೆಹಣ್ಣು ಒಣಗಿ ನೇತಾಡುತ್ತಿದ್ದುದರಿಂದ ಗುರುತು ಸಿಕ್ಕಿತು. ಬಾನೆಟ್ ಎತ್ತಿಟ್ಟಿದ್ದರು. ಒಳಗೆ ತುರಿದು ಬಿಸಾಕಿದ ಕಾಯಿಚಿಪ್ಪಿನ ಹಾಗೆ ಬರೀ ಪೊಳ್ಳು. ಮೆಕ್ಯಾನಿಕ್ ಒಬ್ಬ ಟೈರಿನ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ.

"ಏನಪ್ಪಾ, ಇದರ್ ಹೊಟ್ಟೆ ಎಲ್ ಹೋಯ್ತು?"

"ಕಂಪ್ನಿಯಿಂದ ಸಾಮಾನೇ ಬರ್ತಿಲ್ಲ ಅಜ್ಜಿ. ಒಂದ್ರದ್ದು ಬಿಚ್ಚಿ ಇನ್ನೊಂದಕ್ಕೆ ಹಾಕಿ ಕಳುಸ್ತಾ ಇದೀವಿ. ನಿಮ್ಮದ್ಯಾವ್ದು?"

"ನೀನ್ ಬಿಚ್ಚಿರೋದೇ ಕಣಪ್ಪ."

ಅವನು ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದ.

"ಹೋಗ್ಲಿ ಬುಡು. ನನ್ ಮಗ ನಿಮ್ ಕಂಪ್ನಿ ಶೇರ್ ತಗೊಂತಾನಂತೆ. ನೀನ್ ತಗೊಂಡಿದೀಯಾ?"

ಅವನಿಗೆ ನಗು ಬಂದು ಮುದ್ದೆ ಗಂಟಲಿಗೆ ಸಿಕ್ಕಿತು. ನೀರು ಕುಡಿದು, "ನಾನೇ ಒಂದನೇ ತಾರೀಖಿಂದ ಪಕ್ಕದ್ ಟ್ರ್ಯಾಕ್ಟರ್ ಶೋರೂಮ್ಗೆ ಹೋಯ್ತಾ ಇದೀನಿ ಅಜ್ಜಿ" ಅಂದ.

ಮಗನನ್ನು ಕೂಗಿ ಕರೆದೆ. ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಎರವಲಿನವಾದರೂ ಆ ಕುಣಿಗಲ್ಲಿನ ಹಸುಗಳಿಗೆ ಹೊಟ್ಟೆಯೊಳಗೆ ಕರುಳಿತ್ತು ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ, "ಹಿತ್ಲು ಬೇರೆ, ಮಾರ್ಕೆಟ್ ಬೇರೆ ಕಣಮ್ಮ. ನಿಂಗೆ ಅರ್ಥ ಆಗಲ್ಲ" ಅಂದ.

"ನಾಕನೇ ಕ್ಲಾಸು ನಾನು. ಮೇಷ್ಟ್ರು ನೀನು. ಹಾಕೋಗು" ಅಂದೆ.

ಹಾಕಲಿಲ್ಲ. ಮಾರನೇ ದಿನವೇ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟು ಬಂದ. ಸೊಸೆ ಖುಷಿಯಲ್ಲಿ ಆ ತೊಂಡೆಕಾಯಿಯ ಪಲ್ಯ ಮಾಡಿದಳು. ಉಪ್ಪು ಸಾಲದು.

ಚಪಲ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಕಾರನ್ನು ಇದ್ದ ಹಾಗೇ ಗುಜರಿಯವನಿಗೆ ಕೊಟ್ಟು, ಆ ದುಡ್ಡಿಗೆ ಅದೇ ಕಂಪನಿಯ ಶೇರು ತಗೊಂಡ. "ಅಷ್ಟಾದ್ರೂ ಬುಡ್ರಿ ನಂಗೆ" ಅಂತ ಅಂಗಲಾಚಿದ. ಸೊಸೆ, "ಆಯ್ತು. ಲಾಭ ಬಂದ್ರೆ ಮನೆಗೆ ಗೇಟ್ ಹಾಕ್ಸಿ, ಅದಕ್ಕೆ ಬೇರೆ ದುಡ್ ಎತ್ತಿಡಲ್ಲ" ಅಂದಳು. ನಡುವೆ ಕೆಲವು ದಿನ ರೇಟು ಏರಿತು. ಮಗನ ಕತ್ತೂ ಏರಿತು. "ನಿಮ್ ಮಾತ್ ಕೇಳಿ ಕೆಟ್ಟೆ" ಎಂದು ತಟ್ಟೆ ಕುಕ್ಕುತ್ತಿದ್ದ. ಈಗಲೇ ಮಾರೋ ಅಂದರೆ, ಇನ್ನೂ ಏರುತ್ತದೆ ಅಂದ.

ಈಗ ಹೊಸ ಮನೆಯಲ್ಲಿದ್ದೇವೆ. ಸೊಸೆ ಕಂಡ ಕಂಡ ಗೋಡೆಗೆಲ್ಲ ಮೊಳೆ ಹೊಡೆದಿದ್ದಾಳೆ. ಏನೂ ನೇತುಹಾಕದ ಮೊಳೆಗಳೇ ಜಾಸ್ತಿ. ಮಗ ಬೆಳಗ್ಗೆ ಎದ್ದು ಫೋನು ನೋಡಿ ಮುಖ ತೊಳೆಯಲು ಹೋಗುತ್ತಾನೆ. ಶೇರು ಹೇಗಿದೆ ಎಂದು ನಾನು ಕೇಳುವುದಿಲ್ಲ. ಗೇಟಿನ ಜಾಗದಲ್ಲಿ ತೆಂಗಿನಗರಿಯ ತಡಿಕೆ ನಿಂತಿದೆ. ಹೋದ ವಾರ ಅದೂ ಲಡ್ಡಾಯಿತೆಂದು ನಾನೇ ಇನ್ನೊಂದು ಹೆಣೆದು ಕೊಟ್ಟೆ.