ಮುನಿಸು ಮುಗಿಸಿ ಊಟಕ್ಕೆ ಕೂತ ದಿನ

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳು ಬಂದವೆಂದರೆ, ಆಗೆಲ್ಲ ಮದ್ದೂರಿನ ನಮ್ಮ ಕಾನ್ವೆಂಟಿನ ಕಿಟಕಿಗಳಿಂದ ಬಿಸಿಲಿನ ಜೊತೆ ಆಲೆಮನೆಯ ಬೆಲ್ಲದ ವಾಸನೆಯೂ ಒಳಗೆ ಬರುತ್ತಿತ್ತು. ಎಪ್ಪತ್ತರ ದಶಕ, ನಾನು ಆರನೇ ಕ್ಲಾಸು. ಅಪ್ಪ ಹೈಸ್ಕೂಲು ಮೇಷ್ಟರು, ಮನೆಯಲ್ಲಿ ಮಡಿ. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಹಿಂದೂ ಹುಡುಗಿಯರೇ. ಆದರೂ ಮಾರಲ್ ಸೈನ್ಸ್ ಪಿರಿಯಡ್ ಎಂದರೆ ಎಲ್ಲರಿಗೂ ಇಷ್ಟ, ಮಂಗಳೂರು ಕಡೆಯ ಸಿಸ್ಟರ್ ಫಿಲೋಮಿನಾ ಕಥೆ ಹೇಳುತ್ತಿದ್ದರಲ್ಲ!

ನನ್ನ ಪಕ್ಕ ಕೂರುತ್ತಿದ್ದ ಜಯಾ ಬೆಸಗರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಳಗುಳಿಮಣೆಯಲ್ಲಿ ನನ್ನನ್ನು ಒಮ್ಮೆಯೂ ಗೆಲ್ಲಲು ಬಿಟ್ಟವಳಲ್ಲ. ಒಂದು ದಿನ ಹಾಗೆ ಸೋತ ಸಿಟ್ಟಿಗೆ, ಅವಳು ಡಬ್ಬಿ ತೆರೆದು ರಾಗಿಮುದ್ದೆ, ಬಸ್ಸಾರು ತೆಗೆದಾಗ, ಮೂಗು ಮುಚ್ಚಿಕೊಂಡು "ಛೀ, ಡರ್ಟಿ ಫುಡ್!" ಎಂದುಬಿಟ್ಟೆ. ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಅವಳು ನೀರಿನ ತೊಟ್ಟಿಯ ಹಿಂದೆ ಒಬ್ಬಳೇ ಉಣ್ಣತೊಡಗಿದಳು. ನನಗಿದ್ದವಳು ಅವಳೊಬ್ಬಳೇ ಬೆಸ್ಟ್ ಫ್ರೆಂಡ್.

ಆ ವಾರವೇ ಸಿಸ್ಟರ್ ಮೊದಮೊದಲ ಕ್ರೈಸ್ತರ ಕಥೆ ಹೇಳಿದರು. "ಅವರಿಗೆ ಚರ್ಚಿನ ಕಟ್ಟಡ ಇರಲಿಲ್ಲ ಮಕ್ಕಳೇ. ಯಾರದಾದರೂ ಮನೆಯಲ್ಲಿ ಸೇರಿ ಒಂದೇ ರೊಟ್ಟಿ ಮುರಿದು ತಿನ್ನುವುದು. ಜಗಳ ಆಡಿದವರು ಮೊದಲು ರಾಜಿ ಆಗಬೇಕು, ಆಮೇಲೆ ಊಟಕ್ಕೆ ಕೂರಬೇಕು. ನಾಳೆ ನಾವೂ ಹಾಗೇ ಮಾಡುವ."

ಮರುದಿನ ಹೊಂಗೆ ಮರದಡಿ ಚಾಪೆ ಹಾಸಿ, ಡಬ್ಬಿಗಳನ್ನೆಲ್ಲ ನಡುವೆ ಇಡಿಸಿದರು. ನಾನೂ ಚಿತ್ರಾನ್ನದ ಡಬ್ಬಿ ಇಟ್ಟು ಕೂರಲು ಹೋದೆ.

"ನೀನು ಈಗ ಕೂರಬೇಡ," ಎಂದರು ಸಿಸ್ಟರ್, ಮೆಲ್ಲಗೆ. "ಒಬ್ಬಳು ಬರಲಿಲ್ಲ ಅಲ್ಲವಾ? ಕರೆದುಕೊಂಡು ಬಾ. ನಾವು ಕಾಯ್ತೇವೆ."

ತೊಟ್ಟಿಯ ಹಿಂದೆ ಹೋಗಿ "ಸಾರಿ" ಅಂದೆ.

"ನಿನ್ನ ಸಾರಿ ನೀನೇ ಮಡಿಕ್ಕೋ," ಎಂದಳು ಜಯಾ. "ನಮ್ಮವ್ವ ಕೋಳಿ ಕೂಗೋಕ್ ಮುಂಚೆ ಎದ್ದು ತಿರುವಿದ ಮುದ್ದೆ ಕಣೇ. ಅದುನ್ನ ಡರ್ಟಿ ಅಂದ್ಯಲ್ಲ!"

ನನಗೆ ಅಳು ಬಂತು. "ತಪ್ಪಾಯ್ತು ಕಣೇ."

ಅವಳು ಡಬ್ಬಿ ಚಾಚಿದಳು. "ಅಂಗಾರೆ ತಿನ್ನು, ನೋಡವ."

ಬೇರೆಯವರ ಮನೆಯ ಅಡುಗೆ ಮುಟ್ಟಿದೆನೆಂದರೆ ಅಮ್ಮ ಏನನ್ನುತ್ತಾಳೋ ಎಂದು ಕೈ ತಡೆಯಿತು. ಆದರೆ ಅತ್ತ ಅಷ್ಟು ಜನ ಡಬ್ಬಿ ತೆರೆಯದೆ ಹಸಿದು ಕೂತಿದ್ದರು. ತುತ್ತು ಮುರಿದು, ಬಸ್ಸಾರಿಗೆ ಅದ್ದಿ, ಬಾಯಿಗಿಟ್ಟು ಅಗಿದೆ. ಹಲ್ಲಿಗೆ, ಅಂಗುಳಿಗೆಲ್ಲ ಮೆತ್ತಿಕೊಂಡು ಬಾಯಿ ಬಿಡಲೇ ಆಗಲಿಲ್ಲ.

"ಅಯ್ಯೋ ಪೆದ್ದಿ, ಅಗೀಬ್ಯಾಡ, ನುಂಗ್ಬುಡು!" ಜಯಾ ಬಿದ್ದು ಬಿದ್ದು ನಕ್ಕಳು. ನನ್ನ ಕೈ ಹಿಡಿದು ದರದರ ಎಳೆದೊಯ್ದು ಚಾಪೆಯ ಮೇಲೆ ಕೂರಿಸಿದವಳೂ ಅವಳೇ. ಅವಳ ಡಬ್ಬಿಯಿಂದ ಸಿಸ್ಟರೂ ಒಂದು ತುತ್ತು ತೆಗೆದುಕೊಂಡು ನನ್ನಂತೆಯೇ ಅಗಿದರು. "ಸಿಸ್ಟರ್, ನೀವೂವೇ?" ಎಂದು ಅವರಿಗೂ ಮುದ್ದೆ ನುಂಗುವ ಪಾಠ ಮಾಡಿದಳು.

ಆಮೇಲೆ ಎಷ್ಟೋ ಸರ್ಮನ್ನು, ಪ್ರವಚನ ಕೇಳಿದ್ದೇನೆ. ಧರ್ಮವನ್ನು ಊಟದ ಚಾಪೆಯ ತನಕ ನಡೆಸಿಕೊಂಡು ಬಂದವರು ನನ್ನ ಪಾಲಿಗೆ ಆ ಸಿಸ್ಟರ್ ಒಬ್ಬರೇ.

ಈಗ ನನಗೂ ನನ್ನ ಒಡಹುಟ್ಟಿದ ತಂಗಿಗೂ ಮಾತು ನಿಂತು ವರ್ಷಗಳಾದವು. ಮೊನ್ನೆ ಮಳವಳ್ಳಿಯಲ್ಲಿ ಒಂದು ಮದುವೆ. ಒಂದೇ ಪಂಕ್ತಿ, ನಡುವೆ ಎರಡೇ ಎಲೆ. ಇಬ್ಬರೂ ತಲೆ ತಗ್ಗಿಸಿ ಹೋಳಿಗೆ, ಪಾಯಸ ಎಲ್ಲ ಮುಗಿಸಿ, ಕೈ ತೊಳೆದು, ಬೇರೆ ಬೇರೆ ಬಾಗಿಲಿನಿಂದ ಹೊರಬಂದೆವು. "ನೀನು ಈಗ ಕೂರಬೇಡ" ಎಂದು ನನ್ನನ್ನು ಎಬ್ಬಿಸುವವರು ಇಡೀ ಛತ್ರದಲ್ಲಿ ಒಬ್ಬರೂ ಇರಲಿಲ್ಲ.