ಖಾಲಿ ಲ್ಯಾಪ್‌ಟಾಪ್ ಕೊಡಬಾರದು

ಕಳೆದ ತಿಂಗಳು ನನ್ನ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಒಂದು ಚಿಟಿಕೆ ಅಕ್ಕಿ ತೆಗೆದೆ.

ತಮಾಷೆಯಲ್ಲ. ಪೇಪರ್ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಹಿಡಿದು, ಬೆನ್ನಿಗೆ ಮೆಲ್ಲಗೆ ಎರಡು ತಟ್ಟಿದೆ. ಟಪಟಪ ಉದುರಿತು. ಅರಿಶಿಣ ಮೆತ್ತಿದ ಅಕ್ಷತೆ, ಕುಂಕುಮದ ಪುಡಿ, ಒಣಗಿದ ಚೆಂಡುಹೂವಿನ ಒಂದು ಎಸಳು. ಬೇರೆಯವರ ಕೀಬೋರ್ಡಿನಲ್ಲಿ ಬಿಸ್ಕತ್ತಿನ ಚೂರು ಸಿಗುತ್ತದಂತೆ. ನನ್ನದರಲ್ಲಿ ಸಣ್ಣದೊಂದು ಮದುವೆ ನಡೆದುಹೋಗಿತ್ತು.

ಇದು ನನ್ನ ಹೆಂಡತಿ ಸುನಂದಾಳ ಭಕ್ತಿಯ ಫಲ. ಖಂಡೇನವಮಿ ಬಂತೆಂದರೆ ನಿಗಡಿಯ ನಮ್ಮ ಮನೆಯಲ್ಲಿ ಈಳಿಗೆ, ಕತ್ತರಿ, ಮಿಕ್ಸರ್, ಸ್ಕೂಟರ್ ಎಲ್ಲಕ್ಕೂ ಪೂಜೆ. ಲ್ಯಾಪ್‌ಟಾಪ್ ಬಂದ ವರ್ಷ ಅದೂ ಸಾಲಿನಲ್ಲಿ ಕೂತಿತು. ಮುಚ್ಚಳ ಮುಚ್ಚಿಟ್ಟು ಪೂಜೆ ಮಾಡು ಮಾರಾಯ್ತಿ ಅಂದೆ. ಮುಖ ಮುಚ್ಚಿದ ದೇವರಿಗೆ ಯಾರಾದರೂ ಕುಂಕುಮ ಹಚ್ಚುತ್ತಾರಾ ಎಂದು ಕೇಳಿದಳು. ಮುಚ್ಚಳ ತೆರೆದುಕೊಟ್ಟೆ. (ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಉತ್ತರ ಹೊಳೆಯುವುದು ಆಫೀಸಿನ ಬಸ್ಸು ಹತ್ತಿದ ಮೇಲೆ.)

ಒಂದು ವರ್ಷದಿಂದ ಎರಡು ಕೀಲಿಗಳು ಒತ್ತಿದರೆ ಒಳಗೇ ಕೂತುಬಿಡುತ್ತಿದ್ದವು. ವೈರಸ್ಸೇ ಇರಬೇಕೆಂದು ನಾನು ನಿರ್ಧರಿಸಿಬಿಟ್ಟಿದ್ದೆ. ಸಿಕ್ಕಸಿಕ್ಕ ಆಂಟಿವೈರಸ್ ಹಾಕಿದೆ. ನಿದ್ದೆಗೆಟ್ಟೆ. ಅಕ್ಕಿಕಾಳಿಗೆ ಆಂಟಿವೈರಸ್ ಏನು ಮಾಡೀತು?

ಇಷ್ಟು ದಿನ ಇಲ್ಲದ ಸ್ವಚ್ಛತೆ ಈಗ ಯಾಕೆ ಅಂದಿರಾ? ಲ್ಯಾಪ್‌ಟಾಪ್ ನನ್ನ ತಂಗಿಯ ಮನೆಗೆ ಹೊರಟಿತ್ತು. ನನ್ನ ಕೈಗೆ ಬಂದಾಗಲೇ ಅದು ಸೆಕೆಂಡ್‌ಹ್ಯಾಂಡು. ಈಗ ಆಫೀಸಿನವರು ನನಗೊಂದು ಹೊಸದು ಕೊಟ್ಟಿದ್ದರಿಂದ ಹಳೆಯದು ಅಟ್ಟ ಸೇರುವುದರಲ್ಲಿತ್ತು. ಅಷ್ಟರಲ್ಲಿ ವಂದನಾಳ ಫೋನು.

ವಂದನಾ ನನ್ನ ತಂಗಿ. ಹುಬ್ಬಳ್ಳಿಯಿಂದ ಮದುವೆಯಾಗಿ ನಮ್ಮ ಈ ಮರಾಠಿ ಊರಿನ ಇನ್ನೊಂದು ತುದಿಯಲ್ಲಿರುವ ಹಡಪಸರಕ್ಕೆ ಬಂದು ಹದಿನೆಂಟು ವರ್ಷವಾಯಿತು. ಬಂದಾಗ ಅವಳಿಗೆ ಮರಾಠಿಯಲ್ಲಿ 'ಹೋ' ಮತ್ತು 'ನಾಹೀ' ಬಿಟ್ಟರೆ ಏನೂ ಬರುತ್ತಿರಲಿಲ್ಲ. ಈಗ ಕಾಯಿಪಲ್ಲೆಯವಳು, ರಿಕ್ಷಾದವನು, ಮಕ್ಕಳ ಶಾಲೆಯ ಹೆಡ್‌ಮಾಸ್ತರು, ಯಾರ ಜೊತೆಗೂ ಮರಾಠಿಯಲ್ಲಿ ಜಗಳಾಡಿ ಗೆದ್ದು ಬರುತ್ತಾಳೆ. ಹೋದ ವರ್ಷ ಮಧ್ಯಾಹ್ನಗಳಲ್ಲಿ ಸದ್ದಿಲ್ಲದೆ ಡಿಟಿಪಿ ಕೋರ್ಸನ್ನೂ ಮುಗಿಸಿದ್ದಳು. ಮನೆಯಲ್ಲಿ ಬೇಸರ ಕಳೆಯಲು ಹೋಗುತ್ತಾಳೆ ಅಂತ ನಾವೆಲ್ಲ ತಿಳಿದಿದ್ದೆವು.

ಅಲ್ಲವಂತೆ. ಯೆರವಡಾದಲ್ಲಿ ಒಂದು ಸಣ್ಣ ಆಫೀಸಿದೆಯಂತೆ. ಕರ್ನಾಟಕದಿಂದ ಬರುವ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಮುಂತಾದವುಗಳ ಜೊತೆಗಿರುವ ಸೂಚನೆಗಳ ಪುಸ್ತಿಕೆಯನ್ನು ಮರಾಠಿಗೆ ಮಾಡಿಕೊಡುವ ಆಫೀಸು. ಮನೆಯಲ್ಲೇ ಕೂತು ಮಾಡುವ ಕೆಲಸ. ಇವಳು ಹೋಗಿ ಕೇಳಿದ್ದಾಳೆ. ಯಾವುದಾದರೂ ಕನ್ನಡ ಬರಹದ ನಾಲ್ಕು ಪುಟ ಮರಾಠಿ ಅನುವಾದವನ್ನು ನೀವೇ ಟೈಪ್ ಮಾಡಿ ಸೋಮವಾರ ತನ್ನಿ, ನೋಡೋಣ ಅಂದಿದ್ದಾರೆ. ಮನೆಯಲ್ಲಿ ಕಂಪ್ಯೂಟರಿಲ್ಲ. ಸೈಬರ್ ಕೆಫೆಯಲ್ಲಿ ಕಾಲೇಜು ಹುಡುಗರ ನಡುವೆ ಕೂತು ನಾಲ್ಕು ಪುಟ ಆಗುವ ಮಾತಲ್ಲ.

"ಅಣ್ಣಾ, ಮನ್ಯಾಗ ಯಾರಿಗೂ ಹೇಳಿಲ್ಲ" ಅಂದಳು. "ಆಗಲಿಲ್ಲಂದ್ರ ನನಗೂ ನಿನಗೂ ಇಬ್ಬರಿಗೇ ಗೊತ್ತಿರಲಿ. ಸುನಂದಾ ವೈನಿಗೆ ಹೇಳು, ನಡೀತದ."

ಅವಳ ದನಿ ಒಂಚೂರು ನಡುಗಿತು. ಕಾಯಿಪಲ್ಲೆಯವಳ ಎದುರು ನಡುಗದ ದನಿ ಅದು.

ಅಲ್ಲಿಗೆ ನನ್ನ ಚಿಂತೆ ಶುರು.

ಮೊದಲು ಹೊರಗಿನ ಸ್ವಚ್ಛತೆ. ಹಳೇ ಹಲ್ಲುಜ್ಜುವ ಬ್ರಷ್ಷು, ಸುನಂದಾಳ ತಲೆಪಿನ್ನು, ಕೊಬ್ಬರಿಎಣ್ಣೆ ಅದ್ದಿದ ಬಟ್ಟೆ. ಒಂದು ಕೀಲಿಯನ್ನು ಎಬ್ಬಿಸಿದೆ, ಅದು ಚಿಮ್ಮಿ ಕಪಾಟಿನ ಕೆಳಗೆ ಹೋಯಿತು. ಹುಡುಕಿ ತಂದು ಕೂರಿಸಲು ಒಂದಿಡೀ ಸಂಜೆ. ಮುಚ್ಚಳದ ಮೇಲಿನ ಕುಂಕುಮದ ಕಲೆ ಮಾತ್ರ ಹೋಗಲೊಲ್ಲದು. ಪರವಾಗಿಲ್ಲ, ಮುತ್ತೈದೆಯ ಲ್ಯಾಪ್‌ಟಾಪ್ ಅಂತ ಬಿಟ್ಟೆ.

ಆಮೇಲೆ ಒಳಗಿನದು. ಅದೇ ಕಷ್ಟದ ಕೆಲಸ. ಮನುಷ್ಯ ತನ್ನ ಕಂಪ್ಯೂಟರನ್ನು ಬೇರೆಯವರಿಗೆ ಕೊಡುವಾಗಲೇ ತಾನು ಎಂಥವನೆಂದು ನೋಡಿಕೊಳ್ಳುವುದು. ನನ್ನದರಲ್ಲಿ 'ಅರ್ಜೆಂಟ್' ಅನ್ನುವ ಫೋಲ್ಡರಿತ್ತು, ಒಳಗೆ ಏನೂ ಇರಲಿಲ್ಲ. 'ರಾಜೀನಾಮೆ' ಅಂತ ಐದು ಫೈಲು, ಒಂದಕ್ಕಿಂತ ಒಂದು ವಿನಯದವು. (ಕೊನೆಯದರಲ್ಲಿ ರಾಜೀನಾಮೆ ಕೊಡುತ್ತಿರುವುದಕ್ಕೆ ಕ್ಷಮೆಯನ್ನೂ ಕೇಳಿದ್ದೆ.) ಎಡಗೈ ಜುಮ್ಮೆನ್ನುವುದಕ್ಕೆ ಕಾರಣಗಳೇನೆಂದು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಲೇಖನಗಳ ರಾಶಿ. ಮತ್ತೆ, ಕಳ್ಳರ ದಾರಿ ತಪ್ಪಿಸಲೆಂದು 'ಇದು ಪಾಸ್‌ವರ್ಡ್ ಅಲ್ಲ' ಎಂದು ಹೆಸರಿಟ್ಟ ಫೈಲು. ಅದರಲ್ಲಿ ನನ್ನ ಎಲ್ಲ ಪಾಸ್‌ವರ್ಡ್‌ಗಳಿದ್ದವು.

ಎಲ್ಲವನ್ನೂ ಸಿಡಿಗೆ ಹಾಕಿದೆ. ಸಿಡಿ ಗೀರು ಬಿದ್ದರೆ? ಆಫೀಸಿನ ಲ್ಯಾಪ್‌ಟಾಪಿಗೂ ಹಾಕಿದೆ. ಅದು ಕೆಟ್ಟರೆ? ಮತ್ತೊಂದು ಸಿಡಿ. ಅಷ್ಟು ಮಾಡಿ ಹಳೆಯದರಲ್ಲಿ ಅಳಿಸಿದೆ. ಅಳಿಸಿದ್ದನ್ನು ಕಸದ ಬುಟ್ಟಿಯಿಂದಲೂ ಅಳಿಸಿದೆ. ಆದರೂ ಸಮಾಧಾನವಿಲ್ಲ. ಅಳಿಸಿದ್ದನ್ನು ವಾಪಸ್ ತರುವವರೂ ಇರುತ್ತಾರೆ ಅಂತ ಎಲ್ಲೋ ಓದಿದ್ದೆ. (ವಂದನಾ ಹಡಪಸರದಲ್ಲಿ ಕೂತು ನನ್ನ ರಾಜೀನಾಮೆಗಳನ್ನು ವಾಪಸ್ ತರುವ ದೃಶ್ಯ ಕಣ್ಣಿಗೆ ಕಟ್ಟಿತು.) ಪೂರ್ತಿ ರೀಸೆಟ್ಟೇ ಆಗಬೇಕು.

ಗುರುವಾರ ನಮ್ಮ ಕಡೆ ಕರೆಂಟು ಕೈಕೊಡುವ ದಿನ. ಆದ್ದರಿಂದ ಬುಧವಾರ ಆಫೀಸಿನಿಂದ ಬೇಗ ಬಂದು ರೀಸೆಟ್ಟಿನ ಸಿಡಿ ಹಾಕಿ ಕೂತೆ. ಪರದೆ ಕೇಳಿತು: ಇದರಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಬೇಕೆ?

ಇಂಥ ಪ್ರಶ್ನೆಯನ್ನು ನನ್ನಂಥವನಿಗೆ ಕೇಳಬಾರದು. ಮುಂದುವರಿಯಬೇಕೆ? ನಡುವೆ ಕರೆಂಟು ಹೋದರೆ? ಬ್ಯಾಟರಿ ಹಳೆಯದು. ಅರ್ಧಕ್ಕೆ ನಿಂತರೆ ವಂದನಾಳ ಸೋಮವಾರದ ಗತಿ? ಹೀಗೇ ನೋಡುತ್ತ ಕೂತಿದ್ದೆ. ಒಗ್ಗರಣೆ ಸೌಟು ಹಿಡಿದು ಒಳಗಿನಿಂದ ಬಂದ ಸುನಂದಾ ಏನಾಯಿತು ಅಂದಳು. ಹೇಳಿದೆ. ಇನ್ನೊಂದು ಕೈಯಿಂದ ಎಂಟರ್ ಒತ್ತಿ ವಾಪಸ್ ಹೋದಳು.

ಕರೆಂಟು ಹೋಗಲಿಲ್ಲ. ನಾನು ಮಾತ್ರ ದೀಪವನ್ನೇ ನೋಡುತ್ತ ಕೂತಿದ್ದೆ.

ಊಟದ ಹೊತ್ತಿಗೆ ಮುಗಿಯಿತು. ಹಸಿರು ಗುಡ್ಡ, ನೀಲಿ ಆಕಾಶ, ಮೂಲೆಯಲ್ಲಿ ಒಂದೇ ಒಂದು ಕಸದ ಬುಟ್ಟಿ, ಅದೂ ಖಾಲಿ. ಆಹಾ! ಸಾರಿಸಿ ರಂಗೋಲಿ ಹಾಕುವ ಮುಂಚಿನ ಅಂಗಳದ ಹಾಗಿತ್ತು. ಬಹಳ ವರ್ಷಗಳ ನಂತರ ಒಂದು ಕೆಲಸವನ್ನು ಪೂರ್ತಿ ಮಾಡಿದ ತೃಪ್ತಿ. ಸುನಂದಾಳನ್ನು ಕರೆದು ತೋರಿಸಿದೆ. ನೋಡು, ಏನೂ ಇಲ್ಲ ಅಂದೆ.

ಅವಳ ಮುಖ ಸಣ್ಣದಾಯಿತು.

"ಖಾಲಿ ಕೊಡತೀರೇನ್ರಿ?"

ಹೌದು ಅಂದೆ.

"ಮನೀ ಹೆಣಮಗಳಿಗೆ? ಹೊಸಾ ಕೆಲಸಕ್ಕ ಹೊಂಟಾಕಿಗೆ?"

ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಿರಬೇಕು, ಯಾಕೆಂದರೆ ನಿಮ್ಮ ಮನೆಯದೂ ಅದೇ. ಎದುರುಮನೆಯ ಮರಾಠಿಯವರಾದ ಶೈಲಾವಹಿನಿಯಿಂದ ಡಬ್ಬಿಯಲ್ಲಿ ಚಿವಡಾ ಬರುತ್ತದೆ. ಡಬ್ಬಿ ತೊಳೆದ ಮೇಲೆ ಅದರಲ್ಲಿ ನಮ್ಮ ಶೇಂಗಾಚಟ್ನಿ ಹೋಗುತ್ತದೆ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ. ಆ ಸ್ಟೀಲ್ ಡಬ್ಬಿ ಒಂಬತ್ತು ವರ್ಷದಿಂದ ನಮ್ಮಿಬ್ಬರ ಬಾಗಿಲ ನಡುವೆ ಓಡಾಡುತ್ತಿದೆ, ಒಮ್ಮೆಯೂ ಬರಿಗೈಲಿ ದಾಟಿಲ್ಲ. ಅದು ಮೂಲದಲ್ಲಿ ಯಾರದೆಂದು ಈಗ ಇಬ್ಬರಿಗೂ ನೆನಪಿಲ್ಲ.

ಆದರೆ ಲ್ಯಾಪ್‌ಟಾಪ್ ಡಬ್ಬಿಯೇ? ನಾನು ವಾದಿಸಿದೆ. ಒಳಗೆ ಆಪರೇಟಿಂಗ್ ಸಿಸ್ಟಮ್ ಇದೆ, ಕ್ಯಾಲ್ಕ್ಯುಲೇಟರ್ ಇದೆ, ಇಸ್ಪೀಟಾಟವೂ ಇದೆ ಅಂದೆ.

"ಅದೆಲ್ಲಾ ಡಬ್ಬೀನ ಆತ್ರಿ. ಒಳಗ ನಮ್ಮದು ಏನದ ಅಂತ ಕೇಳಿದೆ."

ಸಕ್ಕರೆ ಹಾಕುವುದೊಂದು ಬಾಕಿ. ಅವಳು ಹಾಕಿಯೂಬಿಡುತ್ತಿದ್ದಳು. ಇರುವೆಗಳನ್ನು ನೆನೆದು ನಾನೇ ಒಂದು ಉಪಾಯ ಹೇಳಿದೆ: ತಂಗಿಗೆ ಉಪಯೋಗಕ್ಕೆ ಬರುವಂಥ ನಾಲ್ಕು ಮಾತು ಬರೆದು ಇಡುತ್ತೇನೆ. ಸುನಂದಾ ಒಪ್ಪಿದಳು. ಕನ್ನಡ, ಮರಾಠಿ ಎರಡೂ ಫಾಂಟುಗಳನ್ನು ಆಫೀಸಿನಿಂದ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಹಾಕಿದೆ. 'ಮೊದಲು ಇದನ್ನು ಓದು' ಎಂದು ಫೈಲಿಗೆ ಹೆಸರಿಟ್ಟು ಶುರು ಮಾಡಿದೆ.

'ಲ್ಯಾಪ್‌ಟಾಪಿನ ಹತ್ತಿರ ಚಹಾ ತರಬೇಡ. ತಂದರೆ ಎಡಗಡೆ ಇಡಬೇಡ. ಬಲಗಡೆ ಇಟ್ಟರೆ ಕುಡಿದು ಮುಗಿಸಿಯೇ ಕೆಲಸಕ್ಕೆ ಕೈಹಾಕು.'

'ಪರದೆ ಕಪ್ಪಾದರೆ ಹೆದರಬೇಡ. ಸತ್ತಿಲ್ಲ, ಮಲಗಿದೆ. ಯಾವುದಾದರೂ ಒಂದು ಕೀಲಿಯನ್ನು ಮೆತ್ತಗೆ ಮುಟ್ಟು.'

'ಬಿಸಿಯಾದರೆ ಗಾಬರಿಯಾಗಬೇಡ. ಬಹಳ ಬಿಸಿಯಾದರೆ ಗಾಬರಿಯಾಗು.'

'ಸೇವ್ ಮಾಡು. ಮಾಡಿದೆನೋ ಇಲ್ಲವೋ ಅಂತ ಅನುಮಾನ ಬಂದರೆ ಇನ್ನೊಮ್ಮೆ ಮಾಡು. ಎರಡು ಸಲ ಸೇವ್ ಮಾಡಿದರೆ ಏನೂ ಆಗುವುದಿಲ್ಲ (ವಿಚಾರಿಸಿದ್ದೇನೆ).'

ನಾಲ್ಕು ಮಾತು ಅಂದುಕೊಂಡದ್ದು ಹನ್ನೊಂದು ಪುಟವಾಯಿತು. ಏನು ಮಾಡಲಿ? ಚಿಂತೆಗೆ ಮಾರ್ಜಿನ್ ಇರುವುದಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹಿಡಿದು ಹಡಪಸರಕ್ಕೆ ಹೊರಟೆವು. ಇಡೀ ಊರನ್ನು ಈ ತುದಿಯಿಂದ ಆ ತುದಿಗೆ ದಾಟುವ ಪ್ರಯಾಣ. ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ, ಎರಡು ಟವೆಲ್ಲು ಸುತ್ತಿಕೊಂಡು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಟವೆಲ್ ಗಂಟನ್ನು ಮತ್ತೆಮತ್ತೆ ನೋಡಿದಳು. ಕೊನೆಗೆ ತಡೆಯಲಾರದೆ, ಗಂಡೋ ಹೆಣ್ಣೋ ಅಂತ ಸುನಂದಾಳನ್ನು ಕೇಳಿದಳು.

ವಂದನಾಳ ಮನೆಯಲ್ಲಿ ಅವಳ ಗಂಡ, ನನ್ನ ಭಾವಮೈದುನ, ಡ್ಯೂಟಿಗೆ ಹೋಗಿದ್ದ, ಮಕ್ಕಳು ಟ್ಯೂಷನ್ನಿಗೆ. ಸುನಂದಾ ಅವಳಿಗೆ ಉಡಿ ತುಂಬಿದಳು. ತೆಂಗಿನಕಾಯಿ, ಕುಪ್ಪಸದ ಕಣ, ಅದರ ಮೇಲೆ ಲ್ಯಾಪ್‌ಟಾಪ್. ಫಾಂಟು ಹಾಳಾದರೆ ಮತ್ತೆ ಹಾಕಿಕೋ ಅಂತ ಪೆನ್‌ಡ್ರೈವನ್ನೂ ಕೊಟ್ಟೆ. ವಂದನಾ ಎಲ್ಲವನ್ನೂ ಒಳಗೆ ಒಯ್ದಳು. ನಾನು ನೀರು ಕುಡಿದು ಹಿಂದೆಯೇ ಹೋಗುವಷ್ಟರಲ್ಲಿ ಮುಚ್ಚಳ ತೆರೆದು ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಮೇಲೆ ಒಂದು ಚಿಟಿಕೆ ಅಕ್ಷತೆ ಎಸೆದಾಗಿತ್ತು.

ನಾನು ಸುನಂದಾಳ ಮುಖ ನೋಡಿದೆ. ಅವಳು ಗೋಡೆ ನೋಡಿದಳು.

ಭಾನುವಾರವಿಡೀ ನನ್ನದು ಫೋನಿನ ಪಕ್ಕದ ವಾಸ. ಫೋನು ಬರಲಿಲ್ಲ. ಲ್ಯಾಪ್‌ಟಾಪ್ ಶುರುವೇ ಆಗಲಿಲ್ಲವೋ? ಶುರುವಾಗಿ ನಿಂತಿತೋ? ನಾನೇ ಮಾಡೋಣವೆಂದರೆ ಸುನಂದಾ ಬಿಡಲಿಲ್ಲ. ಸೋಮವಾರ ಆಫೀಸಿನಲ್ಲಿ ಒಂದು ಮೊತ್ತವನ್ನು ಮೂರು ಸಲ ಕೂಡಿದೆ, ಮೂರು ಉತ್ತರ ಬಂತು. ಮಧ್ಯಾಹ್ನ ಮೊಬೈಲು ರಿಂಗಾಯಿತು.

"ಅಣ್ಣಾ, ಕೊಟ್ಟರು. ಹಿಟ್ಟಿನ ಗಿರಣೀದು. ಮೊದಲನೇ ಪುಸ್ತಕ ಕೈಯಾಗದ."

ಆಮೇಲೆ ಅವಳು ಒಂದೇ ಉಸಿರಿಗೆ ಹೇಳಿದ್ದು ಇಷ್ಟು. ದೀಪಾವಳಿ ಸಂಚಿಕೆಯೊಂದರ ಕಥೆ ಅನುವಾದ ಮಾಡಬೇಕೆಂದು ತೆಗೆದಿಟ್ಟಿದ್ದಳಂತೆ. ಬೆಳದಿಂಗಳು, ವಿರಹ, ಹೀಗೇನೋ. ಭಾನುವಾರ ಮಧ್ಯಾಹ್ನವಾದರೂ ಎರಡು ಪ್ಯಾರಾ ದಾಟಲಿಲ್ಲ. ಅವಳ ಮರಾಠಿ ಜಗಳದಲ್ಲಿ ಕಲಿತದ್ದು, ವಿರಹಕ್ಕೆ ಬಗ್ಗಲಿಲ್ಲ. ಕೈಚೆಲ್ಲಿ ಕೂತವಳು ಲ್ಯಾಪ್‌ಟಾಪಿನಲ್ಲಿದ್ದ ಒಂದೇ ಫೈಲನ್ನು ತೆರೆದಳು. ಮೊದಲು ನಕ್ಕಳು. ಆಮೇಲೆ ಸುಮ್ಮನೆ ತಮಾಷೆಗೆ ಚಹಾದ ಸಾಲನ್ನು ಮರಾಠಿ ಮಾಡಿದಳು. ಸಲೀಸಾಗಿ ಬಂತು. ಕಪ್ಪು ಪರದೆಯದೂ ಬಂತು. ಹುಟ್ಟಿದಾಗಿನಿಂದ ಕೇಳಿದ ನನ್ನ ದನಿ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಗಾಬರಿಯಾಗುತ್ತದೆ ಎಲ್ಲ ಬಾಯಿಪಾಠ. ಸಂಜೆಯೊಳಗೆ ಮುಗಿಸಿ, ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆದಳು.

ಯೆರವಡಾದ ಆಫೀಸಿನ ಮೇಡಂ ನಿಂತುಕೊಂಡೇ ಓದಲು ಶುರು ಮಾಡಿ, ಕುರ್ಚಿ ಎಳೆದು ಕೂತರಂತೆ. ಎಚ್ಚರಿಕೆ ಅಂದರೆ ಹೀಗಿರಬೇಕು, ಓದಿದವರಿಗೆ ಹೆದರಿಕೆಯೂ ಆಗಬೇಕು, ಧೈರ್ಯವೂ ಬರಬೇಕು ಅಂದರಂತೆ. ಯಾವ ಕಂಪನಿಯ ಪುಸ್ತಿಕೆ ಇದು ಅಂತ ಕೇಳಿದರಂತೆ.

ನೀನೇನಂದೆ ಅಂದೆ.

"ನಮ್ಮ ಮನೀದು ಅಂದೆ."

ಅಂದು ಅಕೌಂಟ್ಸಿನಲ್ಲಿ ನನ್ನ ಮುಖ ನೋಡಿದವರು ನನಗೆ ಪ್ರಮೋಷನ್ ಆಯಿತೆಂದೇ ತಿಳಿದರು. ಇಷ್ಟು ವರ್ಷ ಚಿಂತೆ ಮಾಡಿದ್ದಕ್ಕೆ ಒಂದು ದಿನವೂ ಯಾರೂ ಶಹಬ್ಬಾಸ್ ಅಂದಿರಲಿಲ್ಲ. ಈಗ ನೋಡಿ, ಮರಾಠಿಯಲ್ಲಿ ಅಂದಿದ್ದಾರೆ.

ಹೋದ ಭಾನುವಾರ ವಂದನಾ ನಿಗಡಿಗೆ ಬಂದಳು, ಈ ಸಲ ಗಂಡ ಮಕ್ಕಳ ಸಮೇತ. ಹಿಟ್ಟಿನ ಗಿರಣಿ ಮುಗಿದು ಪಂಪ್‌ಸೆಟ್ಟು ಶುರುವಾಗಿದೆಯಂತೆ. ಹೆಂಡತಿ ಏಳೆಂಟು ಸಲ ಸೇವ್ ಮಾಡುತ್ತಾಳೆ, ಈ ಚಾಳಿ ಯಾರು ಹಚ್ಚಿದರೋ ಎಂದು ಭಾವಮೈದುನ ನನ್ನನ್ನೇ ಕೇಳಿದ. ಹೊರಡುವಾಗ ವಂದನಾ ಪೆನ್‌ಡ್ರೈವ್ ವಾಪಸ್ ಕೊಟ್ಟಳು. ಖಾಲಿ ಇಲ್ಲ, ನೋಡು ಅಂದಳು. ವೈನಿಯ ಕಡೆ ತಿರುಗಿ ನಕ್ಕಳು.

ಅವರು ಹೋದ ಮೇಲೆ ಹಾಕಿ ನೋಡಿದೆ. ಮರಾಠಿಯ ನಾಲ್ಕು ಪುಟವಿರಬಹುದು, ಶೈಲಾವಹಿನಿಗೆ ಓದಲು ಕೊಡಬೇಕು ಅಂತ ಆಸೆ. ಅದಲ್ಲ. ಅನುವಾದಕ್ಕೆ ಬೇಕಾದ ನಾಲ್ಕು ಪುಟಗಳನ್ನು ಅವಳು ಇಟ್ಟುಕೊಂಡಿದ್ದಳು. ಬೇಡವಾದ ಏಳು ಪುಟಗಳನ್ನು ನೀಟಾಗಿ ನನಗೇ ವಾಪಸ್ ಕಳಿಸಿದ್ದಳು. ಕೆಳಗೆ ಒಂದು ಸಾಲು: 'ಉಳಿದದ್ದು ಬರೇ ನಿನ್ನ ಕಾಳಜಿ, ಅಣ್ಣಾ. ಯಾರಿಗರೆ ಉಪಯೋಗ ಆದೀತು.'

ಸುನಂದಾಳನ್ನು ಕರೆದು ಓದಿಸಿದೆ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಅಳಿಸಲು ಹೋದೆ, ಬಿಡಲಿಲ್ಲ. ಬಂದ ಡಬ್ಬಿ ತುಂಬಿಯೇ ಮುಂದೆ ಹೋಗಬೇಕಂತೆ.

ನಿಮ್ಮ ಮನೆಯಲ್ಲಿ ಖಾಲಿ ಕಂಪ್ಯೂಟರ್ ಏನಾದರೂ ಇದೆಯೇ?