ಬೇರೆ ಬಂದೂಕಿನ ಬೋಲ್ಟು

ನಮ್ಮ ಮನೆಯಲ್ಲಿ ಅಗಸಿ ಎಣ್ಣೆ ಬಾಯಿಗೆ ಹೋದದ್ದಕ್ಕಿಂತ ಬಂದೂಕಿನ ಕಟ್ಟಿಗೆಗೆ ಹೋದದ್ದೇ ಹೆಚ್ಚು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮನೆಯವರು ಮಿಲಿಟರಿ ಬಿಟ್ಟು ಬಂದು ಮರಾಠಿ ಸೀಮೆಯ ಕಲ್ಯಾಣದಲ್ಲಿ, ಕಾಲೇಜು ಹುಡುಗರಿಗೆ ಕವಾಯತು ಕಲಿಸೋ ಒಂದು ಕಚೇರಿಯಲ್ಲಿ, ಬಂದೂಕು ರಿಪೇರಿಗೆ ನಿಂತಿದ್ದರು. ರಿಪೇರಿ ಶೆಡ್ಡಿನ ಹಿಂದೆ ನಮಗೊಂದು ಖೋಲಿ. ಹುಡುಗರು ಗುರಿ ಹೊಡೆಯೋ ಚಾಂದಮಾರಿ ಮೈದಾನಕ್ಕೆ ಹೋಗಿ ಗುಂಡು ಹಾರಿಸಿ ಬಂದ ದಿನ ಬಂದೂಕಿನ ನಳಿಗೆಗೆ ಕುದಿಯೋ ನೀರು ಸುರಿದು ತೊಳೆಯಬೇಕು, ಇಲ್ಲದಿದ್ದರೆ ತುಕ್ಕು. ಆ ನೀರು ಕಾಯುತ್ತಿದ್ದುದು ನನ್ನ ಸ್ಟೋವಿನ ಮೇಲೆ, ನಮ್ಮ ರೇಷನ್ ಸೀಮೆಎಣ್ಣೆಯಲ್ಲಿ. ನನ್ನ ಮಕ್ಕಳು ತಣ್ಣೀರು ಸುರಿದುಕೊಂಡು ಸಾಲಿಗೆ ಹೋಗುತ್ತಿದ್ದವು. ಕೇಳೋರು ಯಾರು?

ಬಂದೂಕೆಲ್ಲ ಬಿಳಿಯರ ಕಾಲದ ತ್ರೀ ನಾಟ್ ತ್ರೀ. ಮೊದಲು ಮುರಿಯೋದು ಕೊಕ್ಕೆಯ ಸ್ಪ್ರಿಂಗು. ಗುಂಡು ಹಾರಿದ ಮೇಲೆ ಉಳಿಯೋ ಹಿತ್ತಾಳೆ ಖೋಕಾ ಹೊರಗೆ ಎಳೆಯೋದು ಆ ಕೊಕ್ಕೆ. ಆಮೇಲೆ ಗುಂಡಿಗೆ ಬಡಿಯೋ ಪಿನ್ನಿನ ಮೊನೆ ಸವೆಯುತ್ತಿತ್ತು. ಹುಡುಗರು ಕೈಬಿಟ್ಟು ಕೆಡವಿದರೆ ಕಟ್ಟಿಗೆ ಕುತ್ತಿಗೆಯ ಹತ್ತಿರವೇ ಸೀಳುತ್ತಿತ್ತು. ಸ್ಪೇರ್ ಬೇಕು ಅಂತ ಬರೆದು ಬರೆದು ಸಾಕಾಯಿತು. ಪಕ್ಕದ ಶಹಾಡ ಊರಿನ ಲೇಥಿನವನ ಕೈಯಲ್ಲಿ ಸ್ಪ್ರಿಂಗು ಮಾಡಿಸಿದರೆ ನಾಲ್ಕು ಗುಂಡಿಗೆ ಸೊಟ್ಟ ಆಗುತ್ತಿತ್ತು. ಕೊನೆಗೆ ಒಂದು ಸತ್ತ ಬಂದೂಕಿನ ಮೈ ಕಿತ್ತು ಉಳಿದವಕ್ಕೆ ಹಾಕೋದೇ ಕೆಲಸ.

ಆದರೆ ಬೋಲ್ಟು ಹಾಗೆ ಕಿತ್ತು ಹಾಕೋ ಸಾಮಾನಲ್ಲ. ಗುಂಡಿನ ಹಿಂದೆ ಬಾಗಿಲಿನ ಹಾಗೆ ಮುಚ್ಚಿಕೊಳ್ಳೋದು ಅದು. ಒಂದೊಂದು ಬೋಲ್ಟಿನ ಮೇಲೆ ಅದರ ಬಂದೂಕಿನ ನಂಬರು ಕೆತ್ತಿರುತ್ತದೆ. ಬೇರೆಯದು ಹಾಕಿದರೆ ಕೂರುತ್ತದೆ, ಆದರೆ ಸಂದು ಉಳಿಯಬಹುದು. ಸಂದು ಉಳಿದರೆ ಖೋಕಾ ಬುಡದಲ್ಲಿ ಒಡೆದು, ಬೆಂಕಿಯೆಲ್ಲ ಗುಂಡು ಹೊಡೆಯೋನ ಮುಖಕ್ಕೇ ಬರುತ್ತದೆ. ಕಳ್ಳರು ಬಂದೂಕು ಒಯ್ದರೂ ಹಾರಿಸೋಕೆ ಆಗಬಾರದು ಅಂತ ಬೋಲ್ಟೆಲ್ಲ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಕೀಲಿ ಹಾಕಿಡುತ್ತಿದ್ದರು. ಸತ್ತ ಬಂದೂಕಿನ ಬೋಲ್ಟುಗಳೂ ಅದರಲ್ಲೇ ಬಿದ್ದಿದ್ದವು.

ಒಂದು ವರ್ಷ ಚಾಂದಮಾರಿ ನೋಡಲು ಯಾರೋ ದೊಡ್ಡ ಅಧಿಕಾರಿ ಬರೋರಿದ್ದರು. ಬೋಲ್ಟು ಕೆಟ್ಟ ಬಂದೂಕುಗಳನ್ನು ನಮ್ಮನೆಯವರು ಬದಿಗೆ ಇಟ್ಟಿದ್ದರು. ಕಚೇರಿಯ ಸಾಹೇಬ ಶೆಡ್ಡಿಗೆ ಬಂದ. ನಾನು ಹೊರಗೆ ಬಟ್ಟೆ ಹರವುತ್ತಿದ್ದೆ.

"ಮಿಸ್ತ್ರಿ, ಪೆಟ್ಟಿಗೆಯಲ್ಲಿ ಇಷ್ಟು ಬೋಲ್ಟು ಬಿದ್ದಿವೆ. ಹಾಕು."

"ಸಾಬ್, ಅವು ಬೇರೆ ಬಂದೂಕಿನವು. ಸಂದು ಅಳೆಯೋ ಗೇಜು ನಮ್ಮಲ್ಲಿಲ್ಲ."

"ಕೂರುತ್ತವೋ ಇಲ್ಲವೋ?"

"ಕೂರುತ್ತವೆ ಸಾಬ್."

"ಮತ್ತೇನು? ಚಲೇಗಾ!"

ನಮ್ಮನೆಯವರು 'ಜೀ ಸಾಬ್' ಅಂದರು. ಆ ಎರಡು ಶಬ್ದ ಕೇಳಿದರೆ ನನಗೆ ಇವತ್ತೂ ಮೈ ಉರಿಯುತ್ತದೆ.

ಊಟಕ್ಕೆ ಬಂದಾಗ ಕೇಳಿದೆ. "ಒಡೀತದಂತ ನೀವ ಹೇಳ್ತೀರಿ. ಹುಡುಗ್ರ ಕೈಗೆ ಹೆಂಗ ಕೊಡ್ತೀರಿ?"

"ಮೊದಲ ಒಂದೊಂದು ಗುಂಡು ನಾ ಹೊಡದು ನೋಡ್ತೀನಿ."

"ಬಂದೂಕ ಟಾಯರಿಗೆ ಕಟ್ಟಿ ದೂರ ನಿಂತು ಹಗ್ಗದಲೆ ಟ್ರಿಗರ್ ಎಳೀತಿದ್ರೆಲ್ಲ, ಹಂಗ ಮಾಡ್ರಿ."

"ಸಾಹೇಬ್ರು ಬ್ಯಾಡ ಅಂದಾರ. ದೊಡ್ಡವ್ರ ಮುಂದ ಟಾಯರು ಹಗ್ಗ ಛಂದ ಕಾಣಂಗಿಲ್ಲಂತ."

"ಛಂದ ಕಾಣಾಕ ಅದೇನು ಲಗ್ನದ ಹಂದರೇನ್ರೀ? ಕಣ್ಣು ಹೋದ್ರ ಯಾವ ಪೆಟಗ್ಯಾಗಿಂದು ತಂದು ಹಾಕ್ತೀರಿ?"

ಅವರು ರೊಟ್ಟಿ ಮುರಿಯುತ್ತಾ ಅಂದರು, "ನಾ ಹೊಡೀಲಿಲ್ಲಂದ್ರ ಹುಡುಗ್ರು ಹೊಡೀತಾವ."

ನನ್ನ ಸಿಟ್ಟು ಮತ್ತೂ ಏರಿತು. ಸಾಂಬಾರಿನ ಪಾತ್ರೆ ಕುಕ್ಕಿ ಎದ್ದು ಹೋದೆ.

ಚಾಂದಮಾರಿಯಲ್ಲಿ ನಮ್ಮನೆಯವರು ಹೊಡೆದು ನೋಡಿದ ಮೊದಲಿನವು ಸರಿಯಾಗಿ ಹಾರಿದವಂತೆ. ಸಾಹೇಬ ನಗುತ್ತಾ ನಿಂತಿದ್ದನಂತೆ. ಆಮೇಲೆ ಒಂದರಲ್ಲಿ ಖೋಕಾ ಒಡೆಯಿತು. ಕಚೇರಿಯ ಪ್ಯೂನ್ ಬಂದು ನನ್ನನ್ನು ಕರೆದುಕೊಂಡು ಹೋದ. ಠಾಣೆ ಊರಿನ ಆಸ್ಪತ್ರೆಯಲ್ಲಿ ನೋಡಿದರೆ ಅವರ ತಲೆಗೆಲ್ಲ ಪಟ್ಟಿ. ಬಲಗಣ್ಣು ಹೋಗಿದೆ ಅಂದರು ಡಾಕ್ಟರು.

ಮಾರನೇ ದಿನ ಸಾಹೇಬ ಮೋಸಂಬಿ ಚೀಲ ಹಿಡಿದುಕೊಂಡು ಬಂದ. ಮಂಚದ ಹತ್ತಿರ ಬಗ್ಗಿ ಮೆಲ್ಲಗೆ, "ಮಿಸ್ತ್ರಿ, ಯಾರಾದರೂ ಕೇಳಿದರೆ ಬೋಲ್ಟು ನೀನೇ ನಿನ್ನ ಬುದ್ಧಿಯಿಂದ ಹಾಕಿದೆ ಅನ್ನು. ನಾನು ನಿನ್ನನ್ನು ನೋಡಿಕೊಳ್ತೀನಿ" ಅಂದ.

ನಾನು ನಡುವೆ ನಿಂತೆ. "ನೀವ ಹಾಕು ಅಂದದ್ದು. ನಾ ಅರಿವಿ ಹರವೂ ಮುಂದ ಕೇಳೀನಿ."

"ಬಾಯೀಜಿ, ಇದು ಆಫೀಸಿನ ಮಾತು."

"ಕಣ್ಣು ನಮ್ಮ ಮನೀದು."

ಅವನು ನನ್ನನ್ನು ಬಿಟ್ಟು ನಮ್ಮನೆಯವರ ಕಡೆ ನೋಡಿದ. ಈಗಲೂ ಆ 'ಜೀ ಸಾಬ್' ಬರುತ್ತದೆ ಅಂತ ನನಗೆ ಖಾತ್ರಿ ಇತ್ತು. ಆದರೆ ಅವರು ಪಟ್ಟಿಯೊಳಗಿಂದಲೇ, "ಹುಕುಂ ನಿಮ್ಮದೇ ಇತ್ತು ಸಾಬ್" ಅಂದರು. ವಿಚಾರಣೆಯಲ್ಲೂ ಅದನ್ನೇ ಹೇಳಿದರು.

ಸಾಹೇಬನಿಗೆ ಬೇರೆ ಊರಿಗೆ ಬದಲಿ ಆಯಿತು, ಅಷ್ಟೇ. ನಮ್ಮನೆಯವರ ಕೆಲಸ ಹೋಯಿತು. ಒಂದು ಕಣ್ಣಿನವನು ಬಂದೂಕು ಹೆಂಗೆ ನೋಡಿಯಾನು ಅಂದರು. ಖೋಲಿ ಖಾಲಿ ಮಾಡಿ ಡೊಂಬಿವಲಿಯ ಒಂದು ಚಾಳಿನ ಸಣ್ಣ ಕೋಣೆಗೆ ಬಂದೆವು. ನಾನು ಮಂದಿಗೆ ರೊಟ್ಟಿ ಬಡಿದು ಕೊಡಲು ಶುರು ಮಾಡಿದೆ.

ಆ ಬಂದೂಕುಗಳನ್ನು ಹುಡುಗರು ಮುಟ್ಟಲಿಲ್ಲ, ಅಷ್ಟಾದರೂ ಆಯಿತಲ್ಲ ಅಂತ ಅವರು ಸಾಯೋತನಕ ಹೇಳಿದರು. ಯಾರದೋ ಮನೆಯ ಮಕ್ಕಳು ಎರಡೂ ಕಣ್ಣು ಇಟ್ಟುಕೊಂಡು ಎಲ್ಲೋ ಚೆನ್ನಾಗಿದ್ದಾರೆ, ಇರಲಿ. ನನ್ನ ಸಿಟ್ಟು ಇಳಿಯಲಿಲ್ಲ.

ಸ್ಟೇಷನ್ನಿಗೆ ಹೋದರೆ ನಾನು ಅವರ ಬಲಗಡೆಗೇ ನಡೆಯುತ್ತಿದ್ದೆ. ಆದರೂ ಯಾರಾದರೂ ನುಗ್ಗಿ ಬಂದು ಡಿಕ್ಕಿ ಹೊಡೆದು "ಅಂಧಾ ಹೈ ಕ್ಯಾ?" ಅಂತ ಬೈಯುತ್ತಿದ್ದರು. ಅವರು ಸುಮ್ಮನೆ ಸರಿದು ನಿಲ್ಲುತ್ತಿದ್ದರು. ನಾನು ಆ ಬೈದವನ ಅಂಗಿ ಹಿಡಿದು ನಿಲ್ಲಿಸುತ್ತಿದ್ದೆ. ಗಾಡಿ ತಪ್ಪಿದರೆ ತಪ್ಪಲಿ.